ಮುಂಬೈಯಿಂದ ಜಿದ್ದಾಕ್ಕೆ: ಬದಲಾಗದ ದೂರ, ಬದಲಾದ ಕಾಲ

ಮುಂಬೈ ಮತ್ತು ಜಿದ್ದಾ ನಗರಗಳ ನಡುವಿನ ವಾಯುಮಾರ್ಗದ ದೂರ ಸುಮಾರು 3,500 ಕಿಲೋಮೀಟರ್. ಗಂಟೆಗೆ ಎಂಟುನೂರರಿಂದ ಒಂಬೈನೂರು ಕಿಲೋಮೀಟರ್ ವೇಗದಲ್ಲಿ ಹಾರುವ ವಿಮಾನವು ಏರುವ ಮತ್ತು ಇಳಿಯುವ ಸಮಯವೂ ಸೇರಿದಂತೆ ಈ ದೂರವನ್ನು ಸುಮಾರು ಐದು ಗಂಟೆಗಳಲ್ಲಿ ಕ್ರಮಿಸುತ್ತದೆ. ಜಿದ್ದಾದ ಗಡಿಯಾರವು ನಮ್ಮ ಗಡಿಯಾರಕ್ಕಿಂತ ಎರಡೂವರೆ ಗಂಟೆ ಹಿಂದಿದೆ. ಆದ್ದರಿಂದ ಇಶಾ ನಮಾಝ್ ಮುಗಿಸಿ ರಾತ್ರಿ ಹತ್ತು ಗಂಟೆಗೆ ಮುಂಬೈಯಿಂದ ಹಾರಿದವರು, ಅಲ್ಲಿನ ಗಡಿಯಾರದಲ್ಲಿ ಹನ್ನೆರಡೂವರೆಯಾಗುವ ಹೊತ್ತಿಗೆ ಜಿದ್ದಾದಲ್ಲಿ ಇಳಿದಿರುತ್ತಾರೆ. ಅಲ್ಲಿಂದ ಮಕ್ಕಾಕ್ಕೆ ರಸ್ತೆಯ ಹಾದಿ ಎಂಬತ್ತು ಕಿಲೋಮೀಟರಿನಷ್ಟು. ಎಲ್ಲವೂ ಸುಗಮವಾಗಿ ನಡೆದರೆ ಮರುದಿನದ ಫಜ್ರ್ ನಮಾಝನ್ನು ಮಸ್ಜಿದುಲ್ ಹರಾಮ್‌ನಲ್ಲಿ ನಿರ್ವಹಿಸುವುದು ಅಸಾಧ್ಯವೇನಲ್ಲ.

ನಾಲ್ಕೂವರೆ ಶತಮಾನಗಳ ಹಿಂದೆ ಮೊಗಲ್ ಅರಮನೆಯ ಓರ್ವ ಮಹಿಳೆ ಇದೇ ಕಡಲನ್ನು ದಾಟಿ ಹಜ್ಜ್‌ಗೆ ಹೋದರು. ಮನೆಯಿಂದ ಹೊರಟು ಮರಳಿ ಮನೆ ಸೇರಲು ಅವರಿಗೆ ಆರೂವರೆ ವರ್ಷಗಳು ಹಿಡಿದವು. ಅಂದಿನಿಂದ ಇಂದಿನವರೆಗೆ ಭೂಮಿ ಕುಗ್ಗಲಿಲ್ಲ, ಸಮುದ್ರ ಕಿರಿದಾಗಲಿಲ್ಲ. ಹಾಗಾದರೆ ಬದಲಾದುದೇನು?

ಪ್ರಯಾಣದ ಕಾಲವನ್ನು ನಿರ್ಧರಿಸುವುದು ದೂರವೊಂದೇ ಅಲ್ಲ ಎಂಬುದೇ ಇದಕ್ಕೆ ಇತಿಹಾಸ ಕೊಡುವ ಉತ್ತರ. ಒಂದು ಕಾಲದಲ್ಲಿ ಅದನ್ನು ಗಾಳಿ ನಿರ್ಧರಿಸಿತು, ಇನ್ನೊಂದು ಕಾಲದಲ್ಲಿ ಸಾಮ್ರಾಜ್ಯಗಳು ನಿರ್ಧರಿಸಿದವು, ಮತ್ತೊಂದು ಕಾಲದಲ್ಲಿ ರೋಗಗಳು. ಹಜ್ಜ್ ಎಂಬ ಕರ್ತವ್ಯವನ್ನು ಕುರ್‌ಆನ್ ಎಲ್ಲರ ಮೇಲೂ ಸಮಾನವಾಗಿ ಹೊರಿಸಲಿಲ್ಲ. ಆ ಹಾದಿಯನ್ನು ಕ್ರಮಿಸುವ ಸಾಮರ್ಥ್ಯವುಳ್ಳವರ ಮೇಲೆ ಮಾತ್ರ ವಿಧಿಸಿತು. ಪ್ರಯಾಣದ ಖರ್ಚು, ಶರೀರದ ಆರೋಗ್ಯ, ಬಿಟ್ಟುಹೋಗುವ ಕುಟುಂಬದ ಜೀವನಾಧಾರ ಇವುಗಳ ಜೊತೆಗೆ ದಾರಿಯ ಸುರಕ್ಷಿತತೆಯನ್ನೂ ಫಿಕ್‌ಹ್ ವಿದ್ವಾಂಸರು ಈ ಸಾಮರ್ಥ್ಯದ ಭಾಗವಾಗಿ ಎಣಿಸಿದರು. ಆದ್ದರಿಂದ ಭಾರತದ ಕರಾವಳಿ ಮತ್ತು ಜಿದ್ದಾದ ನಡುವಿನ ಪಯಣದ ಇತಿಹಾಸವು ‘ಸಾಮರ್ಥ್ಯ’ ಎಂಬ ಆ ಒಂದು ಶಬ್ದವನ್ನು ನಮ್ಮ ಪೂರ್ವಿಕರು ಹೇಗೆ ಬದುಕಿ ತೋರಿಸಿದರು ಎಂಬುದರ ಇತಿಹಾಸವೂ ಹೌದು.

ಗಾಳಿಯ ಲೆಕ್ಕ

ಇಂದಿನ ವಿಮಾನವು ಅರಬಿ ಸಮುದ್ರವನ್ನು ದಾಟಿ, ಒಮಾನಿನ ನೆಲವನ್ನೂ ಅರೇಬಿಯಾದ ಮರಳುಗಾಡನ್ನೂ ಹಾದು ನೇರವಾಗಿ ಜಿದ್ದಾ ತಲುಪುತ್ತದೆ. ಹಡಗಿಗೆ ಈ ನೇರ ಹಾದಿಯಿಲ್ಲ. ಅದು ಅರೇಬಿಯಾದ ದಕ್ಷಿಣ ತೀರವನ್ನು ಬಳಸಿ, ಏಡನ್ ಬಂದರನ್ನು ದಾಟಿ, ‘ಕಣ್ಣೀರಿನ ಬಾಗಿಲು’ ಎಂಬ ಅರ್ಥವುಳ್ಳ ಬಾಬುಲ್ ಮಂದಬ್ ಜಲಸಂಧಿಯ ಮೂಲಕ ಕೆಂಪು ಸಮುದ್ರವನ್ನು ಪ್ರವೇಶಿಸಿ, ಮತ್ತೆ ಉತ್ತರಕ್ಕೆ ಸಾಗಬೇಕು. ಹೀಗೆ ಕಡಲಿನ ಹಾದಿ ನಾಲ್ಕು ಸಾವಿರ ಕಿಲೋಮೀಟರಿಗೂ ಮಿಕ್ಕಿದ್ದು.

ಹಾಯಿಹಡಗುಗಳ ಕಾಲದಲ್ಲಿ ಈ ಹಾದಿಯ ಒಡೆತನ ಗಾಳಿಯದಾಗಿತ್ತು. ಚಳಿಗಾಲದಲ್ಲಿ ಬೀಸುವ ಈಶಾನ್ಯ ಮಾರುತವು ಹಡಗುಗಳನ್ನು ಭಾರತದಿಂದ ಅರೇಬಿಯಾದ ಕಡೆಗೆ ಒಯ್ಯುತ್ತಿತ್ತು. ಬೇಸಿಗೆಯ ಬಳಿಕ ಏಳುವ ನೈರುತ್ಯ ಮಾರುತವು ಅವುಗಳನ್ನು ಮರಳಿ ತರುತ್ತಿತ್ತು. ಮುಂಬೈ ಇನ್ನೂ ದೊಡ್ಡ ಬಂದರಾಗಿರದ ಆ ದಿನಗಳಲ್ಲಿ ಅದರ ಉತ್ತರಕ್ಕಿರುವ ಸೂರತ್ ನಗರವೇ ಯಾತ್ರಿಕರ ಮುಖ್ಯ ಬಂದರು. ಜನರು ಅದನ್ನು ‘ಬಾಬುಲ್ ಮಕ್ಕಾ’, ಅಂದರೆ ಮಕ್ಕಾದ ಹೆಬ್ಬಾಗಿಲು ಎಂದು ಕರೆಯುತ್ತಿದ್ದರು. ಸೂರತ್‌ನ ಹಡಗುಗಳು ಸಾಮಾನ್ಯವಾಗಿ ಮಾರ್ಚ್ ತಿಂಗಳ ಆಸುಪಾಸಿನಲ್ಲಿ ಹೊರಟು, ಮಳೆಗಾಲದ ಕೊನೆಯಲ್ಲಿ ಮರಳುತ್ತಿದ್ದವು. ಕೆಂಪು ಸಮುದ್ರದ ಉತ್ತರ ಭಾಗದಲ್ಲಿ ವರ್ಷವಿಡೀ ಉತ್ತರದ ಗಾಳಿಯೇ ಎದುರಾಗುವುದರಿಂದ ಭಾರತದ ಹಡಗುಗಳಿಗೆ ಜಿದ್ದಾವೇ ಸಹಜವಾದ ಕೊನೆಯ ನಿಲ್ದಾಣವಾಯಿತು. ಹವಳದ ದಿಬ್ಬಗಳು ತುಂಬಿದ ಆ ಸಮುದ್ರದಲ್ಲಿ ರಾತ್ರಿ ಹೊತ್ತು ಸಾಗುವುದು ಸಾವನ್ನು ಆಹ್ವಾನಿಸಿದಂತೆ.

ಇಲ್ಲೊಂದು ಸೂಕ್ಷ್ಮ ಸಂಗತಿಯಿದೆ. ‘ಮಾನ್ಸೂನ್’ ಎಂಬ ಪದ ಹುಟ್ಟಿದ್ದು ಅರಬಿಯ ‘ಮೌಸಿಮ್’ ಎಂಬ ಪದದಿಂದ. ಋತು, ನಿಯತಕಾಲ ಎಂಬುದು ಅದರ ಅರ್ಥ. ಹಜ್ಜ್‌ನ ಕಾಲವನ್ನೂ ಅರಬಿಯಲ್ಲಿ ‘ಮೌಸಿಮ್’ ಎಂದೇ ಕರೆಯುತ್ತಾರೆ. ಪದ ಒಂದೇ ಆದರೂ ಈ ಎರಡು ಮೌಸಿಮ್‌ಗಳು ಎರಡು ಬೇರೆ ಪಂಚಾಂಗಗಳನ್ನು ಅನುಸರಿಸುತ್ತವೆ. ಗಾಳಿಯ ಋತು ಸೂರ್ಯನನ್ನು ಹಿಂಬಾಲಿಸುತ್ತದೆ, ಹಜ್ಜ್‌ನ ಋತು ಚಂದ್ರನನ್ನು. ಚಾಂದ್ರಮಾನ ವರ್ಷವು ಸುಮಾರು ಹನ್ನೊಂದು ದಿನ ಕಿರಿದಾದ ಕಾರಣ ದುಲ್‌ಹಜ್ಜ್ ತಿಂಗಳು ಸುಮಾರು ಮೂವತ್ಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಒಮ್ಮೆ ಸುತ್ತಿ ಬರುತ್ತದೆ.

ಇದರ ಪರಿಣಾಮವನ್ನು ಗಮನಿಸಿರಿ. ಹಜ್ಜ್ ಜೂನ್ ತಿಂಗಳಲ್ಲಿ ಬಂದರೆ ಮಾರ್ಚ್‌ನಲ್ಲಿ ಹೊರಟ ಯಾತ್ರಿಕರು ಹಜ್ಜ್ ನಿರ್ವಹಿಸಿ ಅದೇ ವರ್ಷದ ಗಾಳಿಯಲ್ಲಿ ಊರಿಗೆ ಮರಳಬಹುದಿತ್ತು. ಅದೇ ಹಜ್ಜ್ ಡಿಸೆಂಬರ್‌ನಲ್ಲಿ ಬಂದರೆ? ವಸಂತದಲ್ಲಿ ತಲುಪಿದವರು ಹಜ್ಜ್‌ಗಾಗಿ ಏಳೆಂಟು ತಿಂಗಳು ಕಾಯಬೇಕು. ಹಜ್ಜ್ ಮುಗಿದ ಮೇಲೆ ಮರಳುವ ಗಾಳಿಗಾಗಿ ಮತ್ತೆ ಮುಂದಿನ ಮಳೆಗಾಲದವರೆಗೆ ಕಾಯಬೇಕು. ಅದೇ ಬಂದರು, ಅದೇ ಸಮುದ್ರ, ಅದೇ ಹಡಗು. ಆದರೂ ತಂದೆಗೆ ಆರು ತಿಂಗಳ ಯಾತ್ರೆಯಾಗಿದ್ದುದು ಮಗನಿಗೆ ಒಂದೂವರೆ ವರ್ಷದ ಯಾತ್ರೆಯಾಗಬಹುದಿತ್ತು. ಹೊರಡುವವನು ಇವೆಲ್ಲವನ್ನೂ ಅರಿತೇ ಹೊರಡುತ್ತಿದ್ದನು.

ಒಂದು ಚೀಟಿ, ಒಂದು ಫತ್ವಾ

1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಯನ್ನು ತಲುಪಿದ ಮೇಲೆ ಗಾಳಿಯ ಜೊತೆಗೆ ಇನ್ನೊಂದು ಶಕ್ತಿಯೂ ಈ ಹಾದಿಯ ಮೇಲೆ ಹಕ್ಕು ಸಾಧಿಸತೊಡಗಿತು. 1502ರಲ್ಲಿ ವಾಸ್ಕೋ ಡ ಗಾಮಾ ಮಲಬಾರ್ ತೀರದ ಬಳಿ, ಮಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗೊಂದನ್ನು ತಡೆದು, ಲೂಟಿ ಮಾಡಿ, ಸ್ತ್ರೀಯರು ಮಕ್ಕಳೆನ್ನದೆ ನೂರಾರು ಜನರ ಸಹಿತ ಅದಕ್ಕೆ ಬೆಂಕಿ ಹಚ್ಚಿಸಿದನು. 1510ರಲ್ಲಿ ಬಿಜಾಪುರದ ಆದಿಲ್ ಶಾಹಿಗಳ ಕೈಯಿಂದ ಗೋವೆ ಜಾರಿತು. ಕನ್ನಡ ನಾಡಿನ ಒಂದು ಭಾಗವನ್ನು ಆಳುತ್ತಿದ್ದ ಆ ಸುಲ್ತಾನರು ಒಂದು ಪ್ರಮುಖ ಬಂದರನ್ನು ಕಳೆದುಕೊಂಡರು. ಅವರ ಉಳಿದ ಬಂದರುಗಳಿಂದ ಕೆಂಪು ಸಮುದ್ರಕ್ಕೆ ಹೊರಡುವ ಹಡಗುಗಳೂ ಪೋರ್ಚುಗೀಸರ ಹಂಗಿಗೆ ಬಿದ್ದವು.

ಆ ಹಂಗಿನ ಹೆಸರು ‘ಕಾರ್ತಾಝ್’. ಅದು ಪೋರ್ಚುಗೀಸರು ಹಣ ಪಡೆದು ಕೊಡುತ್ತಿದ್ದ ಪರವಾನಗಿ ಚೀಟಿ. ಅದಿಲ್ಲದ ಹಡಗನ್ನು ಅವರು ನಡುಗಡಲಲ್ಲಿ ಹಿಡಿದು ವಶಪಡಿಸಿಕೊಳ್ಳುತ್ತಿದ್ದರು. ಅಲ್ಲಾಹನ ಭವನದ ಯಾತ್ರೆಗೆ ಪೋರ್ಚುಗೀಸರ ಅನುಮತಿ ಬೇಕಾಯಿತು. ಮಲಬಾರಿನ ವಿದ್ವಾಂಸ ಶೈಖ್ ಝೈನುದ್ದೀನ್ ಮಖ್ದೂಮ್‌ರವರು ತಮ್ಮ ‘ತುಹ್ಫತುಲ್ ಮುಜಾಹಿದೀನ್’ ಕೃತಿಯಲ್ಲಿ ಪೋರ್ಚುಗೀಸರು ಹಜ್ಜ್ ಯಾತ್ರೆಗೆ ಒಡ್ಡಿದ ಅಡ್ಡಿಗಳನ್ನು ನೋವಿನಿಂದ ದಾಖಲಿಸಿದ್ದಾರೆ.

ಇಲ್ಲಿ ಸಾಮರ್ಥ್ಯದ ಪ್ರಶ್ನೆ ತೀಕ್ಷ್ಣವಾಗಿ ಎದ್ದಿತು. ಅಕ್ಬರನ ಆಸ್ಥಾನದಲ್ಲಿ ‘ಮಖ್ದೂಮುಲ್ ಮುಲ್ಕ್’ ಎಂಬ ಬಿರುದು ಪಡೆದಿದ್ದ ಅಬ್ದುಲ್ಲಾ ಸುಲ್ತಾನ್‌ಪುರಿ ಎಂಬ ಪ್ರಭಾವಿ ವಿದ್ವಾಂಸನು ಹಿಂದೂಸ್ತಾನದವರಿಗೆ ಈಗ ಹಜ್ಜ್ ಕಡ್ಡಾಯವಲ್ಲವೆಂದು ಫತ್ವಾ ನೀಡಿದನು. ಕಡಲ ಹಾದಿಯಲ್ಲಿ ಹೋದರೆ ಮರ್ಯಮ್ ಮತ್ತು ಈಸಾರ ಚಿತ್ರಗಳನ್ನು ಮುದ್ರಿಸಿದ ಪೋರ್ಚುಗೀಸರ ಚೀಟಿಯನ್ನು ಹೊತ್ತೊಯ್ಯಬೇಕು. ಭೂಮಾರ್ಗದಲ್ಲಿ ಹೋದರೆ ಸುನ್ನಿಗಳಿಗೆ ಪ್ರತಿಕೂಲವಾದ ಸಫವಿಗಳ ಇರಾನನ್ನು ದಾಟಬೇಕು ಎಂಬುದು ಆತನ ವಾದ. ಈ ಫತ್ವಾವನ್ನು ನಮಗೆ ತಿಳಿಸಿದ ಸಮಕಾಲೀನ ಇತಿಹಾಸಕಾರ ಬದಾಯೂನಿಗೆ ಅದರ ಪ್ರಾಮಾಣಿಕತೆಯಲ್ಲಿ ನಂಬಿಕೆಯಿರಲಿಲ್ಲ. ಮುಂದೆ ಅಕ್ಬರನೊಂದಿಗೆ ವಿರಸವಾದಾಗ ಆ ವಿದ್ವಾಂಸನನ್ನು ಬಾದಶಾಹನು ಕಳುಹಿಸಿದ್ದು ಮಕ್ಕಾಕ್ಕೇ! ಕಡ್ಡಾಯವಲ್ಲವೆಂದು ತಾನೇ ಸಾರಿದ್ದ ಹಾದಿಯನ್ನು ಆತನು ರಾಜಾಜ್ಞೆಯ ಮೇಲೆ ಕ್ರಮಿಸಬೇಕಾಯಿತು.

ಆದರೆ ಆ ಫತ್ವಾವನ್ನು ಬರೀ ನೆಪವೆಂದು ತಳ್ಳಿಹಾಕುವುದೂ ಸುಲಭವಲ್ಲ. ಚೀಟಿ ಕೈಯಲ್ಲಿದ್ದರೂ ರಕ್ಷಣೆ ಖಚಿತವಿರಲಿಲ್ಲ. 1613ರಲ್ಲಿ ಜಹಾಂಗೀರನ ತಾಯಿ ಮರ್ಯಮುಝ್ಝಮಾನಿಯವರ ‘ರಹೀಮಿ’ ಹಡಗನ್ನು, ಪರವಾನಗಿಯಿದ್ದಾಗಲೂ, ಪೋರ್ಚುಗೀಸರು ಸುಮಾರು ಏಳುನೂರು ಪ್ರಯಾಣಿಕರ ಸಹಿತ ಹಿಡಿದರು. 1695ರಲ್ಲಿ ಔರಂಗಝೇಬನ ‘ಗಂಜೆ ಸವಾಯಿ’ ಹಡಗು ಯಾತ್ರಿಕರನ್ನು ಹೊತ್ತು ಮರಳುತ್ತಿದ್ದಾಗ ಹೆನ್ರಿ ಎವರಿ ಎಂಬ ಇಂಗ್ಲಿಷ್ ಕಡಲ್ಗಳ್ಳನ ಕೈಗೆ ಸಿಲುಕಿತು. ಬಾದಶಾಹರ ಹಡಗುಗಳ ಗತಿಯೇ ಇದಾದರೆ ಸಾಮಾನ್ಯ ಯಾತ್ರಿಕರ ಪಾಡನ್ನು ಊಹಿಸಬಹುದು.

ಗುಲ್‌ಬದನ್ ಬೇಗಂರ ಆರೂವರೆ ವರ್ಷಗಳು

ಆರಂಭದಲ್ಲಿ ಹೇಳಿದ ಮಹಿಳೆಯ ಯಾತ್ರೆ ನಡೆದುದು ಇಂತಹ ಕಾಲದಲ್ಲೇ. ಬಾಬರನ ಮಗಳೂ ಅಕ್ಬರನ ಅತ್ತೆಯೂ ಆದ ಗುಲ್‌ಬದನ್ ಬೇಗಂ, ‘ಹುಮಾಯೂನ್ ನಾಮಾ’ ಕೃತಿಯ ಲೇಖಕಿ. ಐವತ್ತು ದಾಟಿದ ವಯಸ್ಸಿನಲ್ಲಿ, 1575ರ ಅಕ್ಟೋಬರ್‌ನಲ್ಲಿ, ಅರಮನೆಯ ಸ್ತ್ರೀಯರ ತಂಡವೊಂದನ್ನು ಕರೆದುಕೊಂಡು ಅವರು ಫತೇಪುರ್ ಸಿಕ್ರಿಯಿಂದ ಹೊರಟರು. ಅಕ್ಬರನ ಪತ್ನಿ ಸಲೀಮಾ ಸುಲ್ತಾನ್ ಬೇಗಂ ಕೂಡ ಅವರೊಂದಿಗಿದ್ದರು.

ಗುಜರಾತ್ ಅದಾಗಲೇ ಅಕ್ಬರನ ವಶವಾಗಿತ್ತು. ಆದರೂ ಕಡಲು ಅವನ ವಶವಾಗಿರಲಿಲ್ಲ. ಹಿಂದೂಸ್ತಾನದ ಬಾದಶಾಹನ ಅತ್ತೆ ಪೋರ್ಚುಗೀಸರ ಚೀಟಿಯ ವಿಚಾರ ಇತ್ಯರ್ಥವಾಗುವವರೆಗೆ ಸೂರತ್‌ನಲ್ಲಿ ಕಾಯಬೇಕಾಯಿತು. ಮನೆ ಬಿಟ್ಟ ಒಂದು ವರ್ಷದ ನಂತರ, 1576ರ ಅಕ್ಟೋಬರ್‌ನಲ್ಲಿ, ಅವರ ಹಡಗು ಹೊರಟಿತು. ಪುಣ್ಯಭೂಮಿಯಲ್ಲಿ ಮೂರು ವರ್ಷಕ್ಕೂ ಮಿಕ್ಕಿ ನೆಲೆಸಿ ಅವರು ನಾಲ್ಕು ಬಾರಿ ಹಜ್ಜ್ ನಿರ್ವಹಿಸಿದರು. ಮರಳುವಾಗ ಏಡನ್ ಬಳಿ ಹಡಗು ಒಡೆದು, ತಿಂಗಳುಗಟ್ಟಲೆ ಅಲ್ಲೇ ಸಿಲುಕಿಕೊಂಡರು. ಫತೇಪುರ್ ಸಿಕ್ರಿಯನ್ನು ಅವರು ಮತ್ತೆ ಕಂಡುದು 1582ರಲ್ಲಿ.

ಈ ಆರೂವರೆ ವರ್ಷಗಳಲ್ಲಿ ಹಡಗು ನಿಜವಾಗಿ ಚಲಿಸಿದ ದಿನಗಳು ಎಷ್ಟಿದ್ದೀತು? ಅಲ್ಪವೇ ಸರಿ. ಉಳಿದುದೆಲ್ಲ ಕಾಯುವಿಕೆ ಮತ್ತು ಆರಾಧನೆ. ಚೀಟಿಗಾಗಿ ಕಾದರು, ಗಾಳಿಗಾಗಿ ಕಾದರು, ಒಡೆದ ಹಡಗಿನ ಬದಲು ಇನ್ನೊಂದಕ್ಕಾಗಿ ಕಾದರು. ಸಬ್ರ್ ಎಂಬ ಪದವನ್ನು ನಾವು ಉಪನ್ಯಾಸಗಳಲ್ಲಿ ಕೇಳುತ್ತೇವೆ. ಆ ಸ್ತ್ರೀಯರಿಗೆ ಅದನ್ನು ಕಡಲೇ ಕಲಿಸಿತು.

ಹಬೆಯ ವೇಗ, ರೋಗದ ತಡೆ

1830ರಲ್ಲಿ ‘ಹ್ಯೂ ಲಿಂಡ್ಸೆ’ ಎಂಬ ಉಗಿಹಡಗು ಮುಂಬೈಯಿಂದ ಕೆಂಪು ಸಮುದ್ರದ ಮೂಲಕ ಸುಯೆಜ್ ತಲುಪಿತು. ಅಂದಿನಿಂದ ಗಾಳಿಯ ಆಳ್ವಿಕೆ ನಿಧಾನವಾಗಿ ಸಡಿಲವಾಯಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಆ ಸಮುದ್ರದಲ್ಲಿ ಉಗಿಹಡಗುಗಳ ಸಂಚಾರ ಬಹಳ ಹೆಚ್ಚಿತು. ಮುಂಬೈ ಬಂದರು ಸೂರತ್‌ನ ಸ್ಥಾನವನ್ನು ಪಡೆಯಿತು. ತಿಂಗಳುಗಳ ಯಾತ್ರೆ ವಾರಗಳಿಗೆ ಇಳಿಯಿತು. ಪ್ರಯಾಣದ ಖರ್ಚು ತಗ್ಗಿದ್ದರಿಂದ ಬಡವರಿಗೂ ಹಜ್ಜ್‌ನ ಹಾದಿ ತೆರೆಯಿತು.

ಆದರೆ ವೇಗವು ಯಾತ್ರಿಕರನ್ನು ಮಾತ್ರ ಒಯ್ಯಲಿಲ್ಲ, ರೋಗವನ್ನೂ ಒಯ್ಯಿತು. 1865ರ ಹಜ್ಜ್ ಕಾಲದಲ್ಲಿ ಕಾಲರಾ ಹಬ್ಬಿ ಸುಮಾರು ಹದಿನೈದು ಸಾವಿರ ಯಾತ್ರಿಕರು ಮೃತಪಟ್ಟರೆಂದು ಅಂದಾಜಿಸಲಾಗಿದೆ. ಅಲ್ಲಿಂದ ಅದು ಈಜಿಪ್ಟಿಗೂ ಯುರೋಪಿಗೂ ಹರಡಿತು. ಮರುವರ್ಷ ಇಸ್ತಾಂಬುಲ್‌ನಲ್ಲಿ ಅಂತಾರಾಷ್ಟ್ರೀಯ ಆರೋಗ್ಯ ಸಮ್ಮೇಳನ ನಡೆಯಿತು. 1880ರ ದಶಕದಲ್ಲಿ ಉಸ್ಮಾನೀ ಸರಕಾರವು ಯೆಮನ್ ತೀರದ ಕಮರಾನ್ ದ್ವೀಪದಲ್ಲಿ ಕ್ವಾರಂಟೈನ್ ಕೇಂದ್ರವನ್ನು ಆರಂಭಿಸಿತು. ಭಾರತದಿಂದ ಹೊರಟ ಯಾತ್ರಿಕರು ಜಿದ್ದಾ ತಲುಪುವ ಮೊದಲು ಆ ಬಿರುಬಿಸಿಲಿನ ದ್ವೀಪದಲ್ಲಿ ಇಳಿದು ದಿನಗಟ್ಟಲೆ ಕಳೆಯಬೇಕಾಗುತ್ತಿತ್ತು. ಯಂತ್ರವು ಉಳಿಸಿಕೊಟ್ಟ ದಿನಗಳಲ್ಲಿ ಕೆಲವನ್ನು ರೋಗ ಮರಳಿ ಕಿತ್ತುಕೊಂಡಿತು.

ಮನುಷ್ಯನ ಲೋಭವೂ ಈ ಹಾದಿಯಲ್ಲಿತ್ತು. ಹಡಗಿನ ಮೇಲಟ್ಟದಲ್ಲಿ ಕಾಲಿಡಲು ಜಾಗವಿಲ್ಲದಂತೆ ಯಾತ್ರಿಕರನ್ನು ತುಂಬುವುದು ಸಾಮಾನ್ಯವಾಗಿತ್ತು. 1880ರ ಆಗಸ್ಟ್‌ನಲ್ಲಿ ‘ಜಿದ್ದಾ’ ಎಂಬ ಹೆಸರಿನ ಉಗಿಹಡಗು ಸಿಂಗಾಪುರ ಮತ್ತು ಪೆನಾಂಗ್‌ಗಳಿಂದ ಸಾವಿರದಷ್ಟು ಯಾತ್ರಿಕರನ್ನು ಹೊತ್ತು ಬರುತ್ತಿದ್ದಾಗ ಬಿರುಗಾಳಿಗೆ ಸಿಕ್ಕಿ ನೀರು ತುಂಬತೊಡಗಿತು. ಅದರ ಕಪ್ತಾನ ಮತ್ತು ಅಧಿಕಾರಿಗಳು ಯಾತ್ರಿಕರನ್ನು ಅಲ್ಲೇ ಬಿಟ್ಟು ದೋಣಿಯಲ್ಲಿ ಪಾರಾದರು. ಹಡಗು ಮುಳುಗಿಹೋಯಿತೆಂದು ಏಡನ್‌ನಲ್ಲಿ ವರದಿಯನ್ನೂ ಕೊಟ್ಟರು. ಆದರೆ ಹಡಗು ಮುಳುಗಿರಲಿಲ್ಲ. ನೀರನ್ನು ಹೊರಹಾಕುತ್ತಾ ಯಾತ್ರಿಕರು ಅದನ್ನು ಉಳಿಸಿಕೊಂಡಿದ್ದರು. ಇನ್ನೊಂದು ಹಡಗು ಅದನ್ನು ಎಳೆದುಕೊಂಡು ಸುರಕ್ಷಿತವಾಗಿ ಏಡನ್ ಸೇರಿಸಿತು. ಜೋಸೆಫ್ ಕಾನ್ರಾಡ್‌ನ ‘ಲಾರ್ಡ್ ಜಿಮ್’ ಕಾದಂಬರಿಗೆ ಪ್ರೇರಣೆಯಾದುದು ಈ ಘಟನೆಯೇ. ಇಂತಹ ದೂರುಗಳ ಒತ್ತಡದಲ್ಲಿ ಬ್ರಿಟಿಷ್ ಸರಕಾರವು 1886ರಲ್ಲಿ ಹಜ್ಜ್ ಪ್ರಯಾಣದ ವ್ಯವಸ್ಥೆಯನ್ನು ಥಾಮಸ್ ಕುಕ್ ಕಂಪೆನಿಗೆ ವಹಿಸಿತು. ಒಂದು ದಶಕ ತುಂಬುವ ಮೊದಲೇ ಆ ಏರ್ಪಾಡು ಕೊನೆಗೊಂಡಿತು.

ಒಂದು ವಾರದ ಸಮುದ್ರ

ಇಪ್ಪತ್ತನೇ ಶತಮಾನದಲ್ಲಿ ಮುಂಬೈ–ಜಿದ್ದಾ ಹಾದಿ ನೆಲೆಗೊಂಡಿತು. ಮೊಗಲ್ ಲೈನ್ ಕಂಪೆನಿಯ ‘ಇಸ್ಲಾಮಿ’, ‘ಮುಹಮ್ಮದಿ’, ‘ಅಕ್ಬರ್’ ಮುಂತಾದ ಹಡಗುಗಳ ಹೆಸರು ನಮ್ಮ ಹಿರಿಯ ತಲೆಮಾರಿನ ನೆನಪಿನಲ್ಲಿ ಇನ್ನೂ ಇದೆ. ಕರ್ನಾಟಕದ ಯಾತ್ರಿಕರು ರೈಲು ಅಥವಾ ಬಸ್ಸಿನಲ್ಲಿ ಮುಂಬೈ ತಲುಪಿ, ಸಾಬು ಸಿದ್ದೀಕ್ ಮುಸಾಫಿರ್‌ಖಾನೆಯಂತಹ ತಂಗುದಾಣಗಳಲ್ಲಿ ಉಳಿದು, ತಮ್ಮ ಹಡಗಿನ ಸರದಿಗಾಗಿ ಕಾಯುತ್ತಿದ್ದರು. 1959ರಲ್ಲಿ ರಿಸರ್ವ್ ಬ್ಯಾಂಕ್ ಹಜ್ಜ್ ಯಾತ್ರಿಕರಿಗಾಗಿಯೇ ಹತ್ತು ಮತ್ತು ನೂರು ರೂಪಾಯಿಗಳ ವಿಶೇಷ ನೋಟುಗಳನ್ನು ಹೊರತಂದಿತು.

ಬಂದರು ಬಿಟ್ಟ ಹಡಗು ಸುಮಾರು ಒಂದು ವಾರದಲ್ಲಿ ಜಿದ್ದಾ ಸೇರುತ್ತಿತ್ತು. ಆ ಒಂದು ವಾರವೇ ಒಂದು ಮದ್ರಸವಾಗಿತ್ತು. ಹಜ್ಜ್‌ನ ವಿಧಿಗಳನ್ನು ಅರಿತವರು ಅರಿಯದವರಿಗೆ ಕಲಿಸಿದರು. ಬೇರೆ ಬೇರೆ ಭಾಷೆಗಳ ಜನರು ಒಂದೇ ಸಾಲಿನಲ್ಲಿ ನಮಾಝಿಗೆ ನಿಂತರು. ದಾರಿಯಲ್ಲಿ ತೀರಿಹೋದವರ ಜನಾಝಾ ನಮಾಝ್ ನಿರ್ವಹಿಸಿ ಮೃತದೇಹವನ್ನು ಕಡಲಿಗೇ ಒಪ್ಪಿಸಲಾಯಿತು. ಯಲಮ್‌ಲಮ್‌ನ ನೇರಕ್ಕೆ ಬರುವ ಹೊತ್ತನ್ನು ಮೊದಲೇ ತಿಳಿಸುತ್ತಿದ್ದುದರಿಂದ, ಸ್ನಾನ ಮಾಡಿ ಇಹ್ರಾಮ್ ಧರಿಸಿ, ತಲ್ಬಿಯಾ ಹೇಳುತ್ತಾ, ಮನಸ್ಸನ್ನು ಸಿದ್ಧಗೊಳಿಸಲು ಬೇಕಾದಷ್ಟು ಸಮಯವಿತ್ತು.

1995ರಲ್ಲಿ ಹಡಗಿನ ಹಜ್ಜ್ ಯಾತ್ರೆ ನಿಂತಿತು. ಅದಕ್ಕೂ ಬಹಳ ಮೊದಲೇ ವಿಮಾನಗಳು ಈ ಹಾದಿಯಲ್ಲಿ ಹಾರತೊಡಗಿದ್ದವು. 1981ರಲ್ಲಿ ಜಿದ್ದಾದ ಹೊಸ ವಿಮಾನ ನಿಲ್ದಾಣವು ಯಾತ್ರಿಕರಿಗಾಗಿಯೇ ಕಟ್ಟಿದ ಹಜ್ಜ್ ಟರ್ಮಿನಲ್‌ನೊಂದಿಗೆ ತೆರೆಯಿತು. ಮರುಭೂಮಿಯ ಡೇರೆಗಳನ್ನು ನೆನಪಿಸುವ ಅದರ ಬಿಳಿಯ ಮೇಲ್ಛಾವಣಿಯ ರಚನೆಯ ಹಿಂದಿದ್ದ ಇಂಜಿನಿಯರ್, ಬಂಗಾಳದಲ್ಲಿ ಹುಟ್ಟಿದ ಫಝ್ಲುರ್ರಹ್ಮಾನ್ ಖಾನ್. ಇಂದು ನಮ್ಮ ರಾಜ್ಯದ ಯಾತ್ರಿಕರು ಬೆಂಗಳೂರಿನಿಂದಲೇ ಹೊರಡುತ್ತಾರೆ. ಅಲ್ಲಿಂದ ಜಿದ್ದಾಕ್ಕೆ ನೇರ ದೂರ ಸುಮಾರು 4,200 ಕಿಲೋಮೀಟರ್, ಪ್ರಯಾಣ ಆರು ಗಂಟೆಗಳ ಆಸುಪಾಸು. ನಿಮಿಷಕ್ಕೆ ಹದಿನಾಲ್ಕು ಕಿಲೋಮೀಟರ್ ಸಾಗುವ ವಿಮಾನದಲ್ಲಿ ಮೀಕಾತ್‌ನ ಪ್ರಕಟಣೆ ಕೇಳಿಸಿ, ಅದು ಮನಸ್ಸಿಗೆ ಇಳಿಯುವಷ್ಟರಲ್ಲಿ ಮೀಕಾತ್ ಹಿಂದಾಗಿರುತ್ತದೆ. ಆದ್ದರಿಂದಲೇ ಹೆಚ್ಚಿನವರು ಮನೆಯಲ್ಲೋ ವಿಮಾನ ನಿಲ್ದಾಣದಲ್ಲೋ ಇಹ್ರಾಮ್‌ನ ವಸ್ತ್ರ ಧರಿಸಿಯೇ ಹೊರಡುತ್ತಾರೆ.

ಐದು ಗಂಟೆ ಎಂಬುದು ಪೂರ್ಣ ಸತ್ಯವೇ?

ಹಾಗಾದರೆ ಈಗ ದಾರಿಯ ಕಷ್ಟವೆಲ್ಲ ಮುಗಿಯಿತೇ? 2020 ಮತ್ತು 2021ರ ಹಜ್ಜನ್ನು ನೆನಪಿಸಿಕೊಳ್ಳಿರಿ. ಕೊರೋನಾ ಕಾರಣದಿಂದ ಆ ಎರಡು ವರ್ಷ ಸೌದಿ ಅರೇಬಿಯಾದೊಳಗೆ ಇದ್ದವರಿಗೆ ಮಾತ್ರ ಹಜ್ಜ್‌ಗೆ ಅವಕಾಶ ದೊರೆಯಿತು. ವಿಮಾನಗಳಿದ್ದವು, ಹಣವಿತ್ತು, ದೂರ ಅದೇ ಇತ್ತು. ಆದರೂ ಐದು ಗಂಟೆಗಳ ಆ ಹಾದಿಯನ್ನು ನಮ್ಮಲ್ಲಿ ಯಾರೂ ದಾಟಲಾಗಲಿಲ್ಲ. ಕಮರಾನ್ ದ್ವೀಪದ ಇತಿಹಾಸ ಬೇರೊಂದು ರೂಪದಲ್ಲಿ ಮರಳಿತ್ತು.

ಸಾಮಾನ್ಯ ವರ್ಷಗಳಲ್ಲೂ ಇಂದಿನ ಕಾಯುವಿಕೆ ಕಡಿಮೆಯೇನಲ್ಲ. ದೇಶಕ್ಕೆ ನಿಗದಿಯಾದ ಕೋಟಾ ಇದೆ. ಅರ್ಜಿಗಳು ಅದನ್ನು ಮೀರಿದಾಗ ಕುರ್‌ಆ ಎತ್ತುತ್ತಾರೆ. ಹೆಸರು ಬಾರದವರು ಮುಂದಿನ ವರ್ಷಕ್ಕೆ ಕಾಯುತ್ತಾರೆ. ದಿನಗೂಲಿಯಲ್ಲಿ ಕೂಡಿಟ್ಟ ಹಣದಿಂದ ಹಜ್ಜ್ ಮಾಡುವ ದಂಪತಿಗೆ ಆ ಯಾತ್ರೆ ಆರಂಭವಾಗುವುದು ವಿಮಾನ ಏರಿದ ದಿನವಲ್ಲ, ಮೊದಲ ನೂರು ರೂಪಾಯಿಯನ್ನು ತೆಗೆದಿಟ್ಟ ದಿನ. ಗುಲ್‌ಬದನ್ ಬೇಗಂ ಸೂರತ್‌ನಲ್ಲಿ ಕಾದರು, ಇವರು ತಮ್ಮ ಮನೆಯಲ್ಲಿ ಕಾಯುತ್ತಾರೆ. ಕಾಯುವ ಸ್ಥಳ ಬೇರೆಯಾಯಿತೇ ಹೊರತು ಕಾಯುವಿಕೆ ಉಳಿಯಿತು.

ನಾವು ಕಳೆದುಕೊಂಡದ್ದು ಇನ್ನೊಂದಿದೆ. ಹಿಂದೆ ಹಜ್ಜ್‌ಗೆ ಹೊರಟವನಿಗೆ ಮರಳಿ ಬರುವ ಭರವಸೆಯಿರಲಿಲ್ಲ. ಆದ್ದರಿಂದ ಅವನು ಸಾಲ ತೀರಿಸುತ್ತಿದ್ದನು, ಒತ್ತೆಯಿಟ್ಟುಕೊಂಡದ್ದನ್ನು ಮರಳಿಸುತ್ತಿದ್ದನು, ವಸಿಯ್ಯತ್ ಬರೆದಿಡುತ್ತಿದ್ದನು, ಮುನಿಸಿಕೊಂಡ ಸಹೋದರನ ಮನೆಯ ಬಾಗಿಲಿಗೆ ತಾನಾಗಿಯೇ ಹೋಗಿ ಕ್ಷಮೆ ಕೇಳುತ್ತಿದ್ದನು. ಕಡಲು ಅವನಿಂದ ಇವೆಲ್ಲವನ್ನೂ ಮಾಡಿಸುತ್ತಿತ್ತು. ವಿಮಾನವು ಹಾಗೆ ಮಾಡಿಸುವುದಿಲ್ಲ. ಅದರ ಚೀಟಿಯಲ್ಲಿ ಹೋಗುವ ದಿನಾಂಕದ ಜೊತೆಗೇ ಮರಳುವ ದಿನಾಂಕವೂ ಅಚ್ಚಾಗಿರುತ್ತದೆ. ನಲ್ವತ್ತು ದಿನಗಳಲ್ಲಿ ಮರಳುವವನಿಗೆ ಸಹೋದರನ ಮನೆಗೆ ಹೋಗುವ ತುರ್ತು ಕಾಣಿಸದಿರಬಹುದು. ಆದರೆ ಹಕ್ಕುಗಳ ಲೆಕ್ಕಕ್ಕೆ ಐದು ಗಂಟೆಯೂ ಆರೂವರೆ ವರ್ಷವೂ ಒಂದೇ.

ವೇಗವು ಅಲ್ಲಾಹನ ಒಂದು ಅನುಗ್ರಹ. ವೃದ್ಧರೂ ರೋಗಿಗಳೂ ಇಂದು ಕಅಬಾದ ಮುಂದೆ ನಿಲ್ಲಲು ಸಾಧ್ಯವಾಗಿರುವುದು ಅದರಿಂದಲೇ. ಅದನ್ನು ನಿರಾಕರಿಸುವುದು ಕೃತಘ್ನತೆ. ಆದರೆ ದಾರಿಯು ನಮ್ಮ ಪೂರ್ವಿಕರಿಗೆ ತಾನಾಗಿ ಕಲಿಸುತ್ತಿದ್ದುದನ್ನು ನಾವು ಹೊರಡುವ ಮೊದಲೇ ಮನೆಯಲ್ಲಿ ಕಲಿಯಬೇಕಾಗಿದೆ. ಹಜ್ಜ್‌ನ ಸಂಕಲ್ಪ ಮಾಡಿದವರು ಚೀಲ ಕಟ್ಟುವ ಮೊದಲು ಯಾರ ಹಕ್ಕು ತಮ್ಮ ಮೇಲಿದೆ, ಯಾರ ಮನಸ್ಸು ತಮ್ಮಿಂದ ನೊಂದಿದೆ ಎಂಬುದರ ಪಟ್ಟಿಯೊಂದನ್ನು ಬರೆಯಲಿ. ನಮ್ಮ ಅಜ್ಜ ಅಜ್ಜಿಯಂದಿರು ಹಡಗಿನಲ್ಲಿ ಹೋದ ಕಥೆಗಳನ್ನು ಮಕ್ಕಳಿಗೆ ಹೇಳೋಣ, ನೆನಪುಳ್ಳ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಅವನ್ನು ಕೇಳಿ ಬರೆದಿಡೋಣ.

ಆ ಹಾದಿಯಲ್ಲಿ ಹೊರಟು ಗುರಿ ಸೇರಲಾಗದೆ ಕಡಲಲ್ಲೇ ಉಳಿದವರ ಸಂಕಲ್ಪವನ್ನು ಅಲ್ಲಾಹನು ಸ್ವೀಕರಿಸಲಿ. ಹೆಸರು ಬರಲೆಂದು ಕಾಯುತ್ತಿರುವವರಿಗೆ ಹಾದಿಯನ್ನು ಸುಗಮಗೊಳಿಸಲಿ. ಆಮೀನ್.